ಎಡಚರ ಗಾಲ್ಫ್ ಕ್ಲಬ್ಬು

ಗಾಲ್ಫ್ ಕೋಲನ್ನು ನಾನು ಇವತ್ತಿನವರೆಗೆ ಕೈಯಲ್ಲಿ ಹಿಡಿದವಳಲ್ಲ, ಐರ್ಲೆಂಡಿಗೆ ಹೋದವಳೂ ಅಲ್ಲ. ಆದರೂ ಐರ್ಲೆಂಡಿನ ಒಂದು ಪುಟ್ಟ ಊರಿನಲ್ಲಿದ್ದು ಹೇಳಹೆಸರಿಲ್ಲದೆ ಹೋದ ಗಾಲ್ಫ್ ಕ್ಲಬ್ಬಿನ ಬಗ್ಗೆ ಈ ಭೂಮಿಯ ಮೇಲೆ ಎಲ್ಲರಿಗಿಂತ ಹೆಚ್ಚು ತಿಳಿದವಳು ನಾನೇ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪೈಪೋಟಿಗೆ ಬೇರೆ ಯಾರೂ ಇಲ್ಲ ಎಂಬುದು ಬೇರೆ ಮಾತು. ಇತಿಹಾಸವನ್ನು ನಾನು ಎಲ್ಲೂ ಓದಿ ಕಲಿತವಳಲ್ಲ. ಮಗಳನ್ನು ಡೇಕೇರಿಗೆ ಬಿಟ್ಟು ಬಂದು, ಆಫೀಸಿನ ಮೀಟಿಂಗುಗಳಲ್ಲಿ ಕ್ಯಾಮೆರಾ ಆಫ್ ಮಾಡಿ, ಹಳೆಯ ನಕ್ಷೆಗಳನ್ನು ನೋಡುತ್ತಾ ನೋಡುತ್ತಾ ಅಂಟಿಸಿಕೊಂಡ ಚಟ ಇದು.

ಇದಕ್ಕೆಲ್ಲ ಕಾರಣ ಪರದೇಶದಲ್ಲಿ ನಾವಿರುವ ಎವರ್‌ಗ್ರೀನ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಮೊರೀನ್ ಅಜ್ಜಿ. ಎಂಬತ್ತು ದಾಟಿದೆ, ಮಂಡಿಗಳೆರಡೂ ಕೈಕೊಟ್ಟಿವೆ. ಅವರ ತಂದೆ ಆ ಕ್ಲಬ್ಬಿನ ಕ್ಯಾಪ್ಟನ್ ಆಗಿದ್ದರಂತೆ. ಕ್ಲಬ್ಬು ಎಂದರೆ ದೊಡ್ಡದೇನಲ್ಲ. ಊರಿನ ಕೆಲವರು ಸೇರಿ ಕುರಿ ಮೇಯುವ ಹೊಲವೊಂದನ್ನು ಬಾಡಿಗೆಗೆ ಹಿಡಿದಿದ್ದರು. ಹುಲ್ಲು ಕತ್ತರಿಸುವ ಕೆಲಸ ಕುರಿಗಳದ್ದೇ. ಚೆಂಡು ಹಿಕ್ಕೆಯ ಮೇಲೆ ಬಿದ್ದರೆ ದಂಡವಿಲ್ಲದೆ ಎತ್ತಿಡಬಹುದು ಎಂಬ ನಿಯಮವೂ ಇತ್ತಂತೆ. ಆಮೇಲೆ ಕ್ಲಬ್ಬು ಮುಚ್ಚಿತು, ಹೊಲ ಯಾವುದೆಂಬುದೂ ಮರೆತುಹೋಯಿತು. “ಅಪ್ಪ ಮೊದಲನೇ ಏಟು ಹೊಡೀತಿದ್ದ ಜಾಗದಲ್ಲಿ ಒಂದ್ಸಲ ನಿಂತು ಬರ್ಬೇಕು ಕಣೇ ಹುಡುಗಿ. ಇನ್ನೊಂದ್ಸಲ ಹೋಗೋಕೆ ಈ ಮಂಡಿ ಬಿಡಲ್ಲ,” ಎಂದರು. ಹೇಳಿದ್ದು ಇಂಗ್ಲಿಷಿನಲ್ಲಿ, ನನಗೆ ಕೇಳಿಸಿದ್ದು ಹೀಗೆ. “ನಾನು ಹುಡುಕಿಕೊಡ್ತೀನಿ” ಅಂದುಬಿಟ್ಟೆ. ಅವರು ಆ ಸಂಜೆಯೇ ಟಿಕೆಟ್ ಬುಕ್ ಮಾಡಿದರು.

ಆಧಾರ ಎಂದರೆ ಅಜ್ಜಿ ಕೊಟ್ಟ ಒಂದೇ ಒಂದು ಹಳೆಯ ಫೋಟೋ. ಹನ್ನೊಂದು ಜನ ಮೀಸೆಯ ಗಂಡಸರು ಕೋಟು ತೊಟ್ಟು, ಚೆಂಡು ಹೊಡೆಯುವ ಭಂಗಿಯಲ್ಲಿ ನಿಂತಿದ್ದಾರೆ. ಹಿಂದೆ ಎಡಕ್ಕೆ ಗುಡ್ಡ, ಬಲಕ್ಕೆ ಚರ್ಚಿನ ಗೋಪುರ. ಉಪಗ್ರಹದ ನಕ್ಷೆಯನ್ನು ತಿಂಗಳುಗಟ್ಟಲೆ ಜಾಲಾಡಿ, ಗುಡ್ಡ ಎಡಕ್ಕೂ ಗೋಪುರ ಬಲಕ್ಕೂ ಕಾಣುವ ಹೊಲವನ್ನು ಊರ ನದಿಯ ಈಚೆ ದಡದಲ್ಲಿ ಹಿಡಿದೇಬಿಟ್ಟೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಫೋಟೋದಲ್ಲಿದ್ದವರೆಲ್ಲ ಎಡಚರು! ಇಡೀ ಊರೇ ಎಡಚರದ್ದು, ಎಡಚರ ಕೋಲು ಸುಲಭಕ್ಕೆ ಸಿಗುವುದಿಲ್ಲ, ಕ್ಲಬ್ಬು ಮುಚ್ಚಿದ್ದೇ ಅದಕ್ಕೆ ಎಂದು ನಾಲ್ಕು ಪುಟದ ಸಂಶೋಧನೆ ಬರೆದು ಅಜ್ಜಿಗೂ ಹೊಲದ ಈಗಿನ ಯಜಮಾನನಿಗೂ ಕಳಿಸಿದೆ. ಯಜಮಾನನ ಉತ್ತರ ಮರುದಿನವೇ ಬಂತು. ಹೌದೌದು, ನಮ್ಮ ತಾತನೂ ಹಾಗೇ ಹೇಳುತ್ತಿದ್ದ, ಅಜ್ಜಿ ಬರಲಿ, ಹುಲ್ಲು ಸವರಿಸಿ ಬಾವುಟ ನೆಟ್ಟಿರುತ್ತೇನೆ, ಅಂತ.

ಅಜ್ಜಿ ಹೊರಡಲು ಎರಡು ದಿನ ಇತ್ತು. ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ ಹುರುಳಿಕಾಯಿ ಹೆಚ್ಚುತ್ತಾ ನನ್ನ ಲ್ಯಾಪ್‌ಟಾಪಿನತ್ತ ಬಗ್ಗಿದರು. ಮನೆಯಲ್ಲೇ ವರ್ಷಾನುಗಟ್ಟಲೆ ಹೊಲಿಗೆ ಕ್ಲಾಸು ನಡೆಸಿದವರು.

“ಇದೇನೇ, ಇಷ್ಟುದ್ದ ಮೀಸೆ ಬಿಟ್ಕೊಂಡು ಎಲ್ರೂ ಹೆಂಗಸರ ಕೋಟು ಹಾಕ್ಕೊಂಡಿದಾರೆ?”

“ಅತ್ತೆ, ಅದು ಗಂಡಸರ ಕೋಟೇ.”

“ನಂಗೇ ಹೇಳ್ಕೊಡ್ತೀಯಾ? ಗಂಡಸರ ಕೋಟಿಗೆ ಗುಂಡಿ ಬಲಗಡೆ, ಹೆಂಗಸರದ್ದಕ್ಕೆ ಎಡಗಡೆ. ಇಲ್ನೋಡು, ಹನ್ನೊಂದೂ ಎಡಗಡೆ. ಒಂದು ಕೋಟು ತಪ್ಪು ಹೊಲೀಬಹುದು, ಹನ್ನೊಂದನ್ನಾ? ಫೋಟೋನೇ ಉಲ್ಟಾ ತೊಳೆದಿದಾರೆ ಅಷ್ಟೆ,” ಎಂದು ಮತ್ತೆ ಹುರುಳಿಕಾಯಿಗೆ ಮರಳಿದರು.

ಪರದೆಯ ಮೇಲೆ ಫೋಟೋವನ್ನು ಎಡಬಲ ತಿರುಗಿಸಿದೆ. ಹನ್ನೊಂದು ಜನರೂ ಒಂದೇ ಕ್ಷಣದಲ್ಲಿ ಬಲಗೈಯವರಾದರು. ಗುಡ್ಡ ಬಲಕ್ಕೆ ಹೋಯಿತು, ಗೋಪುರ ಎಡಕ್ಕೆ ಬಂತು, ಹೊಲ ನದಿ ದಾಟಿ ಆಚೆ ದಡಕ್ಕೆ ಹಾರಿತು.

“ಸುಮ್ನಿದ್ಬಿಡೇ,” ಎಂದ ನನ್ನ ಗಂಡ ಕಿರಣ. “ಅಜ್ಜಿಗೆ ಯಾವ ಹೊಲ ಆದ್ರೇನು? ಅಲ್ಲಿ ಬಾವುಟ ಬೇರೆ ಇದೆ.”

ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಆ ಆಸೆ ನನಗೂ ಇತ್ತು. ಆಮೇಲೆ ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಪಕ್ಕದ ಮನೆಗೆ ನಡೆದೆ. ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಅಜ್ಜಿ ತಿರುಗಿಸಿದ ಫೋಟೋದಲ್ಲಿ ಅಪ್ಪನ ಮೇಲೆ ಬೆರಳಿಟ್ಟರು.

“ಅಪ್ಪ ಎಡಚ ಅಲ್ಲ ಅಂತ ನಂಗೆ ಗೊತ್ತಿತ್ತು ಮಗೂ,” ಎಂದರು. “ನೀನು ಅಷ್ಟು ಖುಷಿಯಿಂದ ಬರೆದಿದ್ದೆ, ಅದಕ್ಕೇ ಬಾಯಿ ಬಿಡ್ಲಿಲ್ಲ.”

ಅಜ್ಜಿ ನದಿಯಾಚೆಯ ಹೊಲಕ್ಕೇ ಹೋದರು. ಅಲ್ಲಿಂದ ಬಂದ ಚಿತ್ರದಲ್ಲಿ ಬಾವುಟವಿಲ್ಲ, ಸೊಂಟದವರೆಗೆ ತುರಿಕೆಗಿಡ. ಹಿಂದೆ ಬಲಕ್ಕೆ ಗುಡ್ಡ, ಎಡಕ್ಕೆ ಗೋಪುರ. ನಡುವೆ ಅಜ್ಜಿ ಊರುಗೋಲನ್ನು ತಲೆಕೆಳಗು ಹಿಡಿದು, ಅಪ್ಪನ ಹಾಗೇ ನಿಂತಿದ್ದಾರೆ. ನಾನು ಅಡುಗೆಮನೆಯಲ್ಲೇ ಅತ್ತೆಯನ್ನು ತಬ್ಬಿಕೊಂಡೆ.

ಅದರ ಬೆನ್ನಿಗೇ ಇನ್ನೊಂದು ಚಿತ್ರ ಬಂತು. ಈಚೆ ದಡದ ಯಜಮಾನ ತನ್ನ ಹೊಲದ ಗೇಟಿಗೆ ಬೋರ್ಡು ಹಾಕಿಸಿದ್ದಾನೆ: “ಹೆಸರಾಂತ ಎಡಚರ ಗಾಲ್ಫ್ ಕ್ಲಬ್ಬು ಇದ್ದದ್ದು ಇಲ್ಲೇ.” ಅದರ ಕೆಳಗೆ, ಸಂಶೋಧನೆ ಎಂದು ನನ್ನ ಪೂರ್ತಿ ಹೆಸರು. ಬೋರ್ಡು ತೆಗೆಯಿರಿ ಎಂದು ಬರೆದೆ. ಆಗಲೇ ಇಬ್ಬರು ಎಡಚರು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಂಡು ಹೋದರು, ಈಗ ತೆಗೆಯುವುದು ಹೇಗೆ ಎಂದು ಉತ್ತರ ಬಂತು. ನಾನೂ ಬಿಡುವವಳಲ್ಲ. ಪ್ರತಿ ಸೋಮವಾರ ತಪ್ಪದೆ ಬರೆಯುತ್ತಿದ್ದೇನೆ. ಈ ವಾರ ಮನುಷ್ಯ ಸ್ವಲ್ಪ ಮಣಿದಿದ್ದಾನೆ. ನಿಮ್ಮ ಬೇಸರ ಅರ್ಥವಾಯಿತು, ಮುಂದಿನ ಸಲ ಬಣ್ಣ ಹೊಡೆಸುವಾಗ ನಿಮ್ಮ ಹೆಸರಿನ ಹಿಂದೆ ‘ಡಾಕ್ಟರ್’ ಎಂದು ಸೇರಿಸುತ್ತೇನೆ ಎಂದಿದ್ದಾನೆ.