ಮಾವನ ಕಂಪ್ಯೂಟರಿನೊಳಗಿನ ಹೊಳೆ

ಇಂಡಿ ಪಟ್ಟಣದಲ್ಲಿ ನನ್ನ ಸೋದರಮಾವನ ಮನೆ ನೋಡಬೇಕೆಂದರೆ ಕುರ್ಚಿಯಿಂದ ಏಳಲೇಬಾರದು! ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದ ಮಾವ ಹೊಸದಾಗಿ ಕಂಪ್ಯೂಟರ್ ತಂದಿದ್ದರು. ಪ್ರತಿ ಕೋಣೆಯ ನಡುವೆ ನಿಂತು ಸುತ್ತಲೂ ಫೋಟೋ ತೆಗೆದು ಅದರಲ್ಲಿ ಜೋಡಿಸಿದ್ದರು. ಒಂದು ಬಾಣ ಒತ್ತಿದರೆ ಪಡಸಾಲೆ, ಇನ್ನೊಂದು ಒತ್ತಿದರೆ ಅಡುಗೆಮನೆ. ಬಂದವರನ್ನು ಕೂರಿಸಿ, ಅವರು ಕೂತ ಮನೆಯನ್ನೇ ತೋರಿಸುವುದು!

"ಚಹಾನೂ ಅದರಾಗ ಕೊಡ್ತೀರೇನ್ರಿ?" ಒಳಗಿನಿಂದ ಅತ್ತೆ.

ಅದು ಹುಚ್ಚಲ್ಲ, ತಾಲೀಮು ಎಂದು ಆಮೇಲೆ ತಿಳಿಯಿತು. ಅಥವಾ ಆಮೇಲೆ ನಾನೇ ಹಾಗೆ ಜೋಡಿಸಿಕೊಂಡೆನೋ? ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಮಾವನ ಕಾಲೇಜಿನಲ್ಲಿ, ತಂಗಡಗಿಯ ಹೊಳೆದಂಡೆಗೆ ಎರಡು ದಿನದ ಕ್ಷೇತ್ರ ಅಧ್ಯಯನಕ್ಕೆ ಹೋಗದವರಿಗೆ ಪದವಿಯಿಲ್ಲ. ಹೊಳೆಯಿಲ್ಲದ ಹಳ್ಳಿಯೊಂದರ ವಿದ್ಯಾರ್ಥಿನಿಗೆ ಹೊರಗೆ ರಾತ್ರಿ ಉಳಿಯಲು ಮನೆಯಲ್ಲಿ ಒಪ್ಪಿಗೆಯಿಲ್ಲ. "ಆಕಿ ಹೊಳಿಗೆ ಹೋಗಾಕ ಆಗ್ಲಿಲ್ಲಂದ್ರ ಹೊಳೀನ ಇಲ್ಲಿಗೆ ತರೂಣು" ಎಂದು ಮಾವ ಎರವಲು ಕ್ಯಾಮೆರಾ ಹಿಡಿದು ತಂಗಡಗಿಗೆ ಹೊರಟರು. ಸ್ಟ್ಯಾಂಡ್ ಹೊರಲು ನಾನು.

ಹೊಳೆದಂಡೆಯಲ್ಲಿ ಬಾಯಲ್ಲಿ ಬೇವಿನ ಕಡ್ಡಿ ಕಚ್ಚಿದ ಅಜ್ಜನೊಬ್ಬ. ಕ್ಯಾಮೆರಾ ಯಾವ ಕಡೆ ತಿರುಗಿದರೂ ಸುತ್ತಿ ಬಂದು ಎದುರಿಗೆ ಕೈಮುಗಿದು ನಿಲ್ಲುತ್ತಿದ್ದ!

"ಯಜ್ಜಾ, ನಿಂತಲ್ಲೇ ನಿಂದ್ರೋ!" ಮಾವ ಕೂಗಿದರು.

"ಊರಿಗೆ ಬಂದವ್ರ ಹಿಂದ ನಿಂದ್ರೂದು ಮರ್ಯಾದಿ ಅಲ್ರಿ ಸಾಹೇಬ್ರ!"

ವಿಶ್ವವಿದ್ಯಾಲಯದಿಂದ ಪರೀಕ್ಷಕರು ಬಂದ ದಿನ ಮಾವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಆ ಹುಡುಗಿ ಕಂಪ್ಯೂಟರಿನ ಮುಂದೆ. ಪರೀಕ್ಷಕರು ಬಗ್ಗಿ ನೋಡಿದರು.

"ಏನ್ರಿ ಇದು, ನಾಕೂ ದಿಕ್ಕಿಗೆ ಒಬ್ಬನ ಮುದುಕ! ಅವಳಿ-ಜವಳಿ ಊರೇನು?" ಅವರು ಹುಡುಗಿಯ ಕಡೆ ತಿರುಗಿದರು. "ಕೂತಲ್ಲೇ ಕೂತು ಏನ್ ಕಲೀತಾರ? ಹೇಳವಾ, ಹೊಳಿ ಯಾವ ದಿಕ್ಕಿಗೈತಿ?"

ಮಾವ ಕಣ್ಣು ಮುಚ್ಚಿದರು. ಚಿತ್ರದಲ್ಲಿ ದಿಕ್ಕಿನ ಗುರುತು ಹಾಕುವುದನ್ನೇ ಮರೆತಿದ್ದರು! ಹುಡುಗಿ ಚಿತ್ರವನ್ನು ಒಂದು ಸುತ್ತು ತಿರುಗಿಸಿದಳು. ಇನ್ನೊಂದು ಸುತ್ತು.

"ಅಜ್ಜಾರ ಬಾಯಾಗ ಬೇವಿನ ಕಡ್ಡಿ ಐತ್ರಿ. ಅಂದ್ರ ಮುಂಜಾನಿ. ಹೊಳಿ ಮುಂದ ನಿಂತಾಗ ಅವ್ರ ನೆರಳು ನಮ್ಮ ಬಲಕ್ಕ ಬಿದ್ದೈತಿ, ಸೂರ್ಯ ಎಡಕ್ಕ. ಹೊಳಿ ದಕ್ಷಿಣಕ್ಕ ಐತ್ರಿ ಸರ್."

ಪರೀಕ್ಷಕರು ಮತ್ತೊಮ್ಮೆ ಬಗ್ಗಿ ಅಜ್ಜನ ನೆರಳು ನೋಡಿದರು. "ಪಾಸ್ ಮಾಡ್ರಿ ಈಕೀನ," ಎಂದವರು ಬಾಗಿಲಲ್ಲಿ ತಿರುಗಿ, "ಆ ಮುದುಕನ್ನೂ!" ಎಂದರು.

ಎಲ್ಲರೂ ಎದ್ದರು. ಹುಡುಗಿ ಏಳಲಿಲ್ಲ. ಹೊಳೆಯನ್ನು ಹತ್ತಿರಕ್ಕೆ ಎಳೆಯುತ್ತಲೇ ಇದ್ದಳು, ನೀರು ಬರೀ ಚೌಕ ಚೌಕವಾಗುವವರೆಗೆ.

"ಸರ್, ನೀರು ತಣ್ಣಗ ಇರ್ತೈತೇನ್ರಿ?"

ಯಾವ ಪ್ರಶ್ನೆಗೂ ಒಂದು ಬಾಣ ಇಟ್ಟಿರುತ್ತಿದ್ದ ಮಾವ ಕೈಚಾಚಿ ಕಂಪ್ಯೂಟರ್ ಆರಿಸಿದರು.

"ನಿಮ್ಮವ್ವನ್ನ ಕರಕೊಂಬಾರವಾ. ನಮ್ಮನಿಯಾಕಿನೂ ಬರ್ತಾಳ. ನಸುಕಿನ್ಯಾಗ ಹೊಳಿಗೆ ಹೋಗಿ, ಕತ್ತಲಾಗೂದ್ರಾಗ ಮನಿ ಮುಟ್ಟೂಣು."