ನಾಲ್ಕನೇ ಸಿಳ್ಳೆ

“ಈ ಸಲ ಹೆದರಿಯೇ ತೀರ್ತೀನಿ!” ಎಂದು ಬಾಳೂರಿನ ಹಾಲೇಶ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಘೋಷಿಸಿದ.

“ಹೆದರೋಕೆ ಥಿಯೇಟರ್‌ವರೆಗೂ ಯಾಕ್ರೀ ಹೋಗ್ಬೇಕು? ನನ್ ಹತ್ರ ಹೇಳ್ದೆ ನಾಲ್ಕು ಜನ ನೆಂಟರನ್ನ ಊಟಕ್ಕೆ ಕರೀರಿ, ಸಾಕು” ಎಂದಳು ಹೆಂಡತಿ ಶಿಲ್ಪಾ.

ಅವಳಿಗೇನು ಗೊತ್ತು ಅಭಿಮಾನಿಯ ಸಂಕಟ? ‘ನಾಲ್ಕನೇ ಸಿಳ್ಳೆ’ ಎಂಬ ದೆವ್ವದ ಸಿನಿಮಾ ಆರು ಭಾಗ ಬಂದಿದೆ. ಅದರ ದೆವ್ವ ಮುಖ ತೋರಿಸುವುದಿಲ್ಲ, ಸಿಳ್ಳೆ ಮಾತ್ರ ಹಾಕುತ್ತದೆ. ಮೊದಲನೆಯದು ದೂರದಲ್ಲಿ, ಎರಡನೆಯದು ಅಂಗಳದ ಅಂಚಿನಲ್ಲಿ, ಮೂರನೆಯದು ಮಾಡಿನ ಮೇಲೆ, ನಾಲ್ಕನೆಯದು ಕಿವಿಯ ಪಕ್ಕ. ನಾಲ್ಕನೆಯದನ್ನು ಕೇಳಿದವನು ಮುಂದಿನ ದೃಶ್ಯದಲ್ಲಿ ಇರುವುದಿಲ್ಲ.

ಒಂಬತ್ತು ವರ್ಷದ ಹಾಲೇಶ ಮೊದಲ ಭಾಗವನ್ನು ಚಿಕ್ಕಮಗಳೂರಿನ ಟಾಕೀಸಿನಲ್ಲಿ ಅಪ್ಪನ ಶರ್ಟಿನ ತೋಳು ಹಿಡಿದು, ಬೆರಳ ಸಂದಿಯಲ್ಲಿ ನೋಡಿದ್ದ. ಆಮೇಲೆ ಒಂದು ತಿಂಗಳು ಬಚ್ಚಲಿಗೂ ಒಬ್ಬನೇ ಹೋಗಲಿಲ್ಲ. ಆಹಾ, ಆ ಸುಖವೇ ಸುಖ! ಅಂದಿನಿಂದ ಪ್ರತಿ ಭಾಗವನ್ನೂ ಮೊದಲ ದಿನ, ಮೊದಲ ಆಟಕ್ಕೇ ನೋಡುತ್ತ ಬಂದ. ಆದರೆ ಅಪ್ಪ ತೀರಿಕೊಂಡ ಮೇಲೆ ಬಂದ ಆರನೇ ಭಾಗದಲ್ಲಿ, ಸರಿಯಾಗಿ ನಾಲ್ಕನೇ ಸಿಳ್ಳೆಯ ಹೊತ್ತಿಗೆ, ಅವನಿಗೆ ಆಕಳಿಕೆ ಬಂತು. ಅಂದು ಮನೆಗೆ ಬಂದವನು ಊಟ ಮಾಡದೆ ಮಲಗಿದ. ಇದ್ದ ಒಂದೇ ಸಂತೋಷವೂ ಹೋಯಿತಲ್ಲ ಎಂಬ ದುಃಖ ಅವನದು.

ಏಳನೇ ಭಾಗಕ್ಕೆ ಇನ್ನೊಂದು ತಿಂಗಳಿತ್ತು. ಅಷ್ಟರಲ್ಲಿ ಹಳೆಯ ಹೆದರಿಕೆಯನ್ನು ಮರಳಿ ಪಡೆಯಲು ಹಾಲೇಶ ಹೂಡಿದ ಉಪಾಯಕ್ಕೆ ಸಾಧನವಾದದ್ದು ಮಂಗನ ಪೆಟ್ಟಿಗೆ. ಅವನ ತೋಟದಲ್ಲಿ ಕಾಫಿ ಒಣಗಿಸುವ ಕಣದ ಪಕ್ಕ ಮಂಗಗಳನ್ನು ಓಡಿಸಲು ಕಟ್ಟಿದ ಸ್ಪೀಕರ್ ಅದು. ನಾಯಿ ಬೊಗಳಿದ್ದು, ಪಟಾಕಿ ಸಿಡಿದದ್ದು, ಹೀಗೆ ಏನಾದರೊಂದು ಸದ್ದು ಅದರಲ್ಲಿ ಮೊಳಗುತ್ತಿರುತ್ತದೆ. ಮಂಗಗಳಿಗೆ ಬೇಗ ರೂಢಿಯಾಗುವುದರಿಂದ ಸದ್ದನ್ನು ಆಗಾಗ ಬದಲಾಯಿಸಬೇಕು. ಹಾಲೇಶ ಅದಕ್ಕೆ ದೆವ್ವದ ನಾಲ್ಕೂ ಸಿಳ್ಳೆಗಳನ್ನು ತುಂಬಿದ. ಮಂಗವೂ ಓಡಬೇಕು, ಮಾಲೀಕನೂ ಬೆಚ್ಚಬೇಕು!

ಎರಡು ದಿನ ಮಂಗಗಳು ಓಡಿದವು. ಮೂರನೆಯ ದಿನ ಅವುಗಳಲ್ಲೇ ಒಂದು ಮುದಿ ಗಡವ ಪೆಟ್ಟಿಗೆಯ ಮೇಲೇ ಬಂದು ಕೂತಿತು. ಮಾಲೀಕನಿಗಂತೂ ಸಿಳ್ಳೆ ಜೋಗುಳವಾಯಿತು. ತಿಂಗಳು ಕಳೆಯುತ್ತ ಬಂದಾಗ ಮೇಸ್ತ್ರಿ ಗಿಡ್ಡಪ್ಪ ತಲೆ ಕೆರೆಯುತ್ತ ಬಂದ.

“ಹಾಲೇಶಣ್ಣ, ಕಣದ ಪಕ್ಕದ ತೋಟಕ್ಕೆ ಹೆಣ್ಣಾಳುಗಳು ಕಾಲಿಡಲ್ಲ ಅಂತಾವ್ರೆ. ಎಲ್ರೂ ಆ ಸಿನಿಮಾ ನೋಡಿದೋರೇ.”

“ಮಂಗನ್ನ ಬಿಟ್ಟು ಹಣ್ಣು ಕುಯ್ಯೋರನ್ನ ಓಡ್ಸಿದ್ರಲ್ಲ! ಇವತ್ತೇ ತೆಗೀರಿ ಅದನ್ನ” ಎಂದಳು ಶಿಲ್ಪಾ.

ಹಾಲೇಶ ಪೆಟ್ಟಿಗೆಯ ಮೆಮೊರಿ ಕಾರ್ಡ್ ಕಿತ್ತು ಜೇಬಿಗೆ ಹಾಕಿಕೊಂಡ. ಈ ಜನ್ಮಕ್ಕೆ ಹೆದರುವ ಯೋಗ ಮುಗಿಯಿತು ಎಂದುಕೊಂಡ.

ಸಂಜೆ ಆಳುಗಳೆಲ್ಲ ಹೋದ ಮೇಲೆ ಗುಡ್ಡದಿಂದ ಮಂಜು ಇಳಿಯಿತು. ಹಾಲೇಶ ಒಬ್ಬನೇ ಕಣದ ಕಾಫಿಗೆ ಟಾರ್ಪಾಲು ಎಳೆಯುತ್ತಿದ್ದ. ಆಗ ದೂರದ ಸಿಲ್ವರ್ ಮರದ ಕಡೆಯಿಂದ ಒಂದು ಸಿಳ್ಳೆ ಬಂತು.

ಅವನು ಜೇಬು ಮುಟ್ಟಿಕೊಂಡ. ಕಾರ್ಡು ಅಲ್ಲೇ ಇತ್ತು.

ಎರಡನೆಯದು ಕಣದ ಅಂಚಿನಿಂದ ಬಂತು. “ಯಾರದು? ಗಿಡ್ಡಪ್ಪಾ?” ಹೆಜ್ಜೆಯ ಸದ್ದಿಲ್ಲ, ಉತ್ತರವೂ ಇಲ್ಲ. ಬೇಲಿಯೇ ಕಾಣದಷ್ಟು ಮಂಜು ಕವಿದಿತ್ತು.

ಮೂರನೆಯದು ಗೋದಾಮಿನ ಮಾಡಿನ ಮೇಲೆ. ಅದೇ ರಾಗ, ಕೊನೆಯಲ್ಲಿ ಉಸಿರು ಕಟ್ಟಿದಂಥ ಅದೇ ನಡುಕ. ಹಾಲೇಶನ ಮೈಯ ರೋಮವೆಲ್ಲ ಎದ್ದು ನಿಂತಿತು. ಅವನ ಕೈ ಕತ್ತಲಲ್ಲಿ ಅಪ್ಪನ ತೋಳು ಹುಡುಕಿತು. ಸಿಕ್ಕಿದ್ದು ಟಾರ್ಪಾಲಿನ ತಣ್ಣನೆಯ ಅಂಚು.

ನಾಲ್ಕನೆಯದು ನೆತ್ತಿಯ ಮೇಲೇ ಕೇಳಿಸಿತು.

ಹಾಲೇಶ ಓಡಿದ. ನಲವತ್ತು ವರ್ಷ ಓಡಾಡಿದ ದಾರಿ ಅಂದು ಅವನನ್ನು ನೇರ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ತೊಟ್ಟಿಗೆ ಕರೆದೊಯ್ಯಿತು. ಹುಳಿ ಬರಲು ಬಿಟ್ಟ ಕಾಫಿಯ ಲೋಳೆಯಲ್ಲಿ ತಲೆಯವರೆಗೆ ಮುಳುಗಿ, ಹೇಗೋ ಎದ್ದು, ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದ. ಅದು ಟಾರ್ಚ್ ಹಿಡಿದು ಓಡಿಬಂದ ಶಿಲ್ಪಾಳ ಸೆರಗು.

“ಬಂತು ಕಣೇ... ನಾಲ್ಕನೇದೂ ಬಂತು!”

ಮಂಜು ಸ್ವಲ್ಪ ಸರಿದಾಗ ಶಿಲ್ಪಾ ಕಣದ ಕಡೆ ಟಾರ್ಚ್ ಬಿಟ್ಟಳು. ಟಾರ್ಪಾಲಿನ ಗೂಟದ ಮೇಲೆ ಉದ್ದ ಬಾಲದ ಕರಿ ಹಕ್ಕಿಯೊಂದು ಕೂತಿತ್ತು. ಕಂಡ ಕಂಡ ಹಕ್ಕಿಗಳ ದನಿಯನ್ನೆಲ್ಲ ಅಣಕಿಸುವ ಭೀಮರಾಜ! ತಿಂಗಳಿಡೀ ಕೇಳಿದ ಪಾಠವನ್ನು ಅದು ಮತ್ತೊಮ್ಮೆ ಒಪ್ಪಿಸಿತು. ಪಕ್ಕದ ಪೆಟ್ಟಿಗೆಯ ಮೇಲೆ ಮುದಿ ಗಡವ ಕಿತ್ತಳೆ ಸುಲಿಯುತ್ತ ಕೂತಿತ್ತು, ಕತ್ತನ್ನೂ ತಿರುಗಿಸಲಿಲ್ಲ.

ಹಾಲೇಶ ಕಿವಿಯಿಂದ ಲೋಳೆ ಸುರಿಯುತ್ತಿದ್ದಂತೆಯೇ ನಗತೊಡಗಿದ. ಎಷ್ಟೋ ವರ್ಷಗಳಿಂದ ಅವನು ಹಾಗೆ ನಕ್ಕಿರಲಿಲ್ಲ.

“ಹೆದರಿದೆ ಶಿಲ್ಪಾ! ಅಪ್ಪನ ಪಕ್ಕ ಕೂತು ಹೆದರಿದ ಹಾಗೇ ಹೆದರಿದೆ. ಶುಕ್ರವಾರ ಸಿನಿಮಾಕ್ಕೆ ನೀನೂ ಬಾ.”

“ಆ ಮಂಗನ್ನ ಕರ್ಕೊಂಡು ಹೋಗಿ. ಅದಕ್ಕಾದ್ರೂ ಧೈರ್ಯ ಇದೆ.”

“ಇಲ್ಲ, ನೀನೇ ಬರ್ಬೇಕು.”

ಶಿಲ್ಪಾ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. “ಆಯ್ತು, ಬರ್ತೀನಿ. ಮೊದ್ಲು ಸೆರಗು ಬಿಡಿ.”