ತೀರ ಪ್ರದೇಶದಲ್ಲಿ ಅಪರಾಧಗಳ ಕೊರತೆಯ ಬಗ್ಗೆ

ಇಲಾಖೆಯ ಉಪವಿಭಾಗ ಕಚೇರಿ, ದಾವಣಗೆರೆ
ಸುತ್ತೋಲೆ ಸಂಖ್ಯೆ: ತೀಪ್ರ/ಅಕೊ/ಬೂಟು/೫೮
ದಿನಾಂಕ: ಆಗಸ್ಟ್ ೧೯೫೮ (ತಾರೀಖಿನ ಮೇಲೆ ಚಹಾ ಚೆಲ್ಲಿದ್ದು, ತಿಂಗಳು ಮತ್ತು ವರ್ಷ ಮಾತ್ರ ಉಳಿದಿರುತ್ತವೆ)

ವಿಷಯ: ಗ್ರಾಮೀಣ ತೀರ ಪ್ರದೇಶದ ಅಪರಾಧ ಪ್ರಮಾಣ ಹಾಗೂ ಸುರಕ್ಷತೆ. ಹರಿಹರದ ಎದುರು ದಂಡೆಯ ಕಡವಿನಹಳ್ಳಿ ಹೊರಠಾಣೆಯನ್ನು ಎತ್ತುವ, ಅಥವಾ ಎತ್ತದಿರುವ ಬಗ್ಗೆ.

೧. ಏಕೀಕರಣದಿಂದ ರಾಜ್ಯಕ್ಕೆ ಹೊಸದಾಗಿ ಸಮುದ್ರ ಸೇರಿರುವುದರಿಂದ ತೀರ ಪ್ರದೇಶಗಳ ಅಪರಾಧ ವರದಿಯನ್ನು ತರಿಸಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ತೀರವೆಂದರೆ ಸಮುದ್ರದ್ದೋ ಹೊಳೆಯದೋ ಎಂಬುದನ್ನು ಅದರಲ್ಲಿ ಸ್ಪಷ್ಟಪಡಿಸಿರಲಿಲ್ಲ. ಕೇಳಿದರೆ ನಮಗೆ ಗೊತ್ತಿಲ್ಲವೆಂಬುದು ಅವರಿಗೆ ಗೊತ್ತಾಗುವುದರಿಂದ ಕೇಳಲಾಗಲಿಲ್ಲ. ದಾವಣಗೆರೆಗೆ ಹತ್ತಿರದ ದೊಡ್ಡ ನೀರು ತುಂಗಭದ್ರೆಯೇ ಆದ ಕಾರಣ, ಹರಿಹರದ ಆಸುಪಾಸನ್ನು ಮುಂದಿನ ಆದೇಶದವರೆಗೆ ಕರಾವಳಿಯೆಂದು ಭಾವಿಸತಕ್ಕದ್ದೆಂದು ಸೂಚಿಸಲಾಗಿತ್ತು.

೨. ಕಡವಿನಹಳ್ಳಿ ಹೊರಠಾಣೆಯಲ್ಲಿ ಇರುವವರು ದಫೇದಾರ ಬಕ್ಕೇಶಪ್ಪ ಒಬ್ಬರೇ. ಲೋಕಿಕೆರೆ ಕಡೆಯ ಒಕ್ಕಲು ಮನೆತನದವರು. ಎತ್ತರದ ಆಳು, ಮಾತು ಕಡಿಮೆ, ಸುಳ್ಳು ಹೇಳಲು ಹೋದರೆ ಬಿಕ್ಕಳಿಕೆ ಬರುವ ಜನ್ಮಜಾತ ದೋಷವಿರುತ್ತದೆ. ಸದರಿಯವರು ಸಮುದ್ರವನ್ನು ಕಂಡವರಲ್ಲ. ಆದರೂ ಕರಾವಳಿ ನಮೂನೆಯನ್ನು ಶ್ರದ್ಧೆಯಿಂದ ತುಂಬಿದರು. ಕಡಲ್ಗಳ್ಳರು: ಇಲ್ಲ. ಕಳ್ಳಸಾಗಣೆ: ಇಲ್ಲ. ಒಡೆದ ಹಡಗುಗಳು: ಅಂಬಿಗ ಪಾಲಯ್ಯನ ಹರಿಗೋಲಿಗೆ ತೂತು ಬಿದ್ದಿತ್ತು, ಡಾಂಬರು ಹಚ್ಚಿಸಲಾಗಿದೆ. ಉಳಿದ ಅಪರಾಧಗಳು: ಇಲ್ಲ.

೩. ಅಪರಾಧವೇ ಇಲ್ಲದ ಕಡೆ ಠಾಣೆ ಇಡುವುದು ಕಾಯಿಲೆಯಿಲ್ಲದವನಿಗೆ ಕಷಾಯ ಕುಡಿಸಿದಂತೆ ಎಂದು ಈ ಕಚೇರಿ ತೀರ್ಮಾನಿಸಿತು. ದಾವಣಗೆರೆಯ ಅರಳೆ ಮಾರುಕಟ್ಟೆಯಲ್ಲಾದರೋ ಅಪರಾಧ ಸಮೃದ್ಧವಾಗಿದೆ. ಆದ್ದರಿಂದ ಹೊರಠಾಣೆಯನ್ನು ಬಕ್ಕೇಶಪ್ಪನವರ ಸಮೇತ ಅಲ್ಲಿಗೆ ಎತ್ತಲು ಆದೇಶಿಸಲಾಯಿತು.

೪. ಸದರಿ ಆದೇಶವು ಮಸ್ತಾನಸಾಬನ ಮಂಡಕ್ಕಿ ಅಂಗಡಿಯ ಮುಂದೆ ಬಕ್ಕೇಶಪ್ಪನವರ ಕೈಸೇರಿತು. ಅವರು ಓದಿ ಮಡಚಿಟ್ಟುಕೊಂಡರು. ಮುಖ ನೋಡಿದವರು ಬಿಡಲಿಲ್ಲ.

"ಏನಂತ್ರೀ ದಫೇದಾರ್ರೆ?" ಎಂದು ಕೇಳಿದವಳು ಹೊನ್ನಕ್ಕ. ಹೊಳೆದಂಡೆಯಲ್ಲಿ ಕಾಯಿಪಲ್ಲೆ ಬೆಳೆಯುವವಳು, ಗಂಡನಿಲ್ಲ, ನೀಲಕ್ಕನೆಂಬ ಒಬ್ಬಳೇ ಮಗಳು.

"ಠಾಣೆ ಎತ್ತತಾರಂತೆ. ಇಲ್ಲಿ ಅಪರಾಧ ಇಲ್ಲಂತೆ."

"ಇಲ್ಲದಿದ್ರೆ ಚಲೋದಲ್ಲೇನು?"

"ಚಲೋದೇ. ಅದಕ್ಕೇ ಎತ್ತತಾರೆ."

ಹೊನ್ನಕ್ಕ ಕೈಯಲ್ಲಿದ್ದ ಮಂಡಕ್ಕಿಯನ್ನು ಪೊಟ್ಟಣಕ್ಕೇ ಮರಳಿ ಸುರಿದಳು. ನೀಲಕ್ಕ ಮತ್ತು ಊರಿನ ಕೆಲವು ಹೆಣ್ಣುಮಕ್ಕಳು ದಿನವೂ ಹರಿಗೋಲಿನಲ್ಲಿ ಹೊಳೆ ದಾಟಿ ಹರಿಹರದ ಹೈಸ್ಕೂಲಿಗೆ ಹೋಗುತ್ತಾರೆ. ಸೇತುವೆ ದೂರ, ಸುತ್ತು ದಾರಿ. ಹೊರಠಾಣೆ ಬರುವ ಮೊದಲು ಆಚೆ ದಂಡೆಯ ಮರಳಿನಲ್ಲಿ ಕೆಲವು ಪೋಲಿಗಳು ಕೂತು, ದಾರಿಗೆ ಅಡ್ಡ ಕಾಲು ಚಾಚಿ, ಜಡೆ ಎಳೆದು, ಛತ್ರಿ ಕಸಿದು ಕಾಡುತ್ತಿದ್ದರು. ಊರವರು ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿದ್ದರು. ಬಕ್ಕೇಶಪ್ಪನವರು ಬಂದ ಮೇಲೆ ಮಾಡಿದ್ದು ಇಷ್ಟೇ: ಶಾಲೆಗೆ ಹೋಗುವ ಹೊತ್ತಿಗೂ ಬಿಡುವ ಹೊತ್ತಿಗೂ ಆಚೆ ದಂಡೆಯ ಮೇಲೆ ನಿಂತು ನೀರನ್ನು ನೋಡುವುದು. ಪೋಲಿಗಳಿಗೆ ಮರಳು ರುಚಿಸದಾಯಿತು, ಹೆಣ್ಣುಮಕ್ಕಳು ಮತ್ತೆ ಪಾಟಿಚೀಲ ಹೆಗಲಿಗೇರಿಸಿದರು. ಕೆಲಸದ ವೇಳೆಯಲ್ಲಿ ನೀರು ನೋಡುವುದಕ್ಕೆ ಇಲಾಖೆಯ ಅನುಮತಿ ಪಡೆದಿರಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಲಾಗಿದೆ.

೫. "ಹಂಗಾರೆ ಅಪರಾಧ ಮಾಡಿದ್ರಾತು," ಎಂದಳು ಹೊನ್ನಕ್ಕ. ಊರು ಒಪ್ಪಿತು. ಅದರ ಪರಿಣಾಮವಾಗಿ ಈ ಕೆಳಗಿನ ನಿಯಮಗಳನ್ನು ಜಾರಿಗೊಳಿಸುವುದು ಅನಿವಾರ್ಯವಾಗಿದೆ:

(ಅ) ಯಾರೂ ತಮ್ಮ ಹಿತ್ತಲ ಕುಂಬಳಕಾಯಿಯನ್ನು ತಾವೇ ಕದಿಯತಕ್ಕದ್ದಲ್ಲ. ಹೊನ್ನಕ್ಕನು ಹಾಗೆ ಕದ್ದು, ತಾನೇ ಫಿರ್ಯಾದು ಕೊಟ್ಟು, ತನ್ನ ಮೇಲೆ ತನಗೇ ಸಂಶಯವಿದೆಯೆಂದು ಹೇಳಿಕೆ ನೀಡಿರುತ್ತಾಳೆ.

(ಆ) ಮುದ್ದೆಮಾಲಾದ, ಅಂದರೆ ಕಳವಿನ ಸಾಕ್ಷ್ಯವಾದ, ಕುಂಬಳಕಾಯಿಯನ್ನು ಸಾಂಬಾರು ಮಾಡಿ ಠಾಣೆಗೆ ಕಳಿಸತಕ್ಕದ್ದಲ್ಲ. ಕಳಿಸಿದ್ದೇ ಆದರೆ ಉಪ್ಪು ಸರಿಯಾಗಿ ಹಾಕತಕ್ಕದ್ದು.

(ಇ) ಮಾರಾಮಾರಿ ಮಾಡಲು ಬಂದವರು ನಡುವೆ ನಿಲ್ಲಿಸಿ ಪರಸ್ಪರ ಮಂಡಕ್ಕಿ ಕೊಡತಕ್ಕದ್ದಲ್ಲ. ಮಸ್ತಾನಸಾಬ ಮತ್ತು ಹರಿಗೋಲಿನ ಪಾಲಯ್ಯ ಇಬ್ಬರೂ ಠಾಣೆಯ ಮುಂದೆ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದರು. ಪಾಲಯ್ಯನಿಗೆ ಕೆಮ್ಮು ಬಂತು. ಮಸ್ತಾನಸಾಬ ಕೊರಳಪಟ್ಟಿ ಬಿಟ್ಟು ಬೆನ್ನು ಸವರಿದ. ಜಗಳ ಅಲ್ಲಿಗೆ ಕೆಟ್ಟಿತು.

೬. ಬಕ್ಕೇಶಪ್ಪನವರು ಈ ಯಾವುದನ್ನೂ ದಾಖಲಿಸಲಿಲ್ಲ. "ಬರ್ಕಳ್ರಿ ದಫೇದಾರ್ರೆ, ನಿಮ್ಮ ಗಂಟೇನು ಹೋಗ್ತೈತೆ?" ಎಂದು ಹೊನ್ನಕ್ಕ ರೇಗಿದಳು.

"ಸುಳ್ಳು ಬರಿಯಾಕೆ ನನ್ನ ಕೈಲಿ ಆಗಾದಿಲ್ಲ ಬೇ."

"ನೀವು ಸಾಚಾ ಆಗಿ ದಾವಣಗೆರಿಗೆ ಹೋಗ್ತೀರಿ. ನನ್ನ ಮಗಳು ಓದು ಬಿಟ್ಟು ಕಳೆ ತೆಗೀತಾಳೆ. ಆತೇನು?"

ಬಕ್ಕೇಶಪ್ಪನವರು ದಾಖಲೆ ಪುಸ್ತಕ ಮುಚ್ಚಿಟ್ಟರು. ಆ ದಿನ ಊಟ ಸೇರಲಿಲ್ಲ. ನೀಲಕ್ಕ ಹರಿಗೋಲಿನಲ್ಲಿ ಕೂತು ಭೂಗೋಳ ಬಾಯಿಪಾಠ ಮಾಡುವುದು ಅವರ ಕಿವಿಯಲ್ಲೇ ಇತ್ತು. ನಿಜ ಹೇಳಬೇಕೆಂದರೆ ಅವರಿಗೂ ಹೋಗುವ ಮನಸ್ಸಿರಲಿಲ್ಲ. ನೌಕರರ ಮನಸ್ಸಿಗೆ ನಮೂನೆಯಲ್ಲಿ ಕಾಲಂ ಇಲ್ಲವಾದ್ದರಿಂದ ಈ ಅಂಶವನ್ನು ಗಮನಿಸತಕ್ಕದ್ದಲ್ಲ.

೭. ಠಾಣೆ ಎತ್ತುವ ಮುನ್ನ ಕಡೆಯ ತಪಾಸಣೆಗೆಂದು ಅಧಿಕಾರಿ ಕುಬೇರಪ್ಪನವರನ್ನು ಕಳಿಸಲಾಯಿತು. ದಾವಣಗೆರೆಯಿಂದ ಜೀಪಿನಲ್ಲಿ ಹರಿಹರಕ್ಕೆ ಬಂದು ಹರಿಗೋಲು ಹತ್ತಿದರು. ಹೊಸ ಬೂಟು, ಇಸ್ತ್ರಿಯ ಉಡುಪು, ಕೈಯಲ್ಲಿ ಛತ್ರಿ. ಹೊಳೆ ತುಂಬಿತ್ತು. ನಡುನೀರಿನಲ್ಲಿ ಪಾಲಯ್ಯ ಹುಟ್ಟು ನಿಲ್ಲಿಸಿ, ತಲೆಯ ವಸ್ತ್ರ ಬಿಚ್ಚಿ ಮೂಗಿಗೆ ಕಟ್ಟಿಕೊಂಡ.

"ಸಾಹೇಬ್ರೆ, ತಪ್ಪು ತಿಳಕಬ್ಯಾಡ್ರಿ. ನಾನು ಕಡಲ್ಗಳ್ಳ. ಕೈಯಾಗಿರಾದು ಕೊಡ್ರಿ."

ಸಾಹೇಬರಿಗೆ ಈಜು ಬರುವುದಿಲ್ಲ. ಛತ್ರಿ ಕೊಟ್ಟರು. ಪಾಲಯ್ಯ ಅದನ್ನು ತೆಗೆದುಕೊಂಡ, ಮುಂದೇನು ಮಾಡಬೇಕೆಂದು ತಿಳಿಯದೆ ಬಿಚ್ಚಿದ, ಸಾಹೇಬರ ನೆತ್ತಿ ಬಿಸಿಲಿಗೆ ಕೆಂಪಾಗಿದ್ದನ್ನು ಕಂಡು ಅವರ ತಲೆಯ ಮೇಲೇ ಹಿಡಿದ. ಒಂದು ಕೈಯಲ್ಲಿ ಛತ್ರಿ, ಒಂದು ಕೈಯಲ್ಲಿ ಹುಟ್ಟು. ಹರಿಗೋಲು ಬುಗುರಿಯಂತೆ ತಿರುಗತೊಡಗಿತು. ಸಾಹೇಬರು ದಂಡೆ ಮುಟ್ಟುವಷ್ಟರಲ್ಲಿ ಮೊಣಕಾಲಿನವರೆಗೆ ತೊಯ್ದು, ಮನೆದೇವರನ್ನೆಲ್ಲ ಕರೆದಾಗಿತ್ತು. ಆದಕಾರಣ, ಕಡಲ್ಗಳ್ಳತನ ಮಾಡಬಯಸುವವರು ಹುಟ್ಟು ಹಾಕಲು ಪ್ರತ್ಯೇಕ ಆಳನ್ನು ಇಟ್ಟುಕೊಳ್ಳತಕ್ಕದ್ದೆಂದು ಈ ಮೂಲಕ ತಿಳಿಸಲಾಗಿದೆ.

೮. ಒದ್ದೆ ಬೂಟುಗಳನ್ನು ಹೊರಠಾಣೆಯ ಕಟ್ಟೆಯ ಮೇಲೆ ಒಣಗಲು ಇಟ್ಟು ತಪಾಸಣೆ ಆರಂಭಿಸಲಾಯಿತು. ತಪಾಸಣೆ ಮುಗಿಯುವಷ್ಟರಲ್ಲಿ ಬೂಟುಗಳು ಇರಲಿಲ್ಲ. ಕುಬೇರಪ್ಪನವರು ಗುಡುಗಿದರು. ಊರು ನೆರೆಯಿತು.

"ನಾನೇ ಕದ್ದೀನ್ರಿ," ಎಂದಳು ಹೊನ್ನಕ್ಕ, ಮುಂದೆ ಬಂದು.

"ಏ, ಆಕಿ ಮಾತು ಕೇಳಬ್ಯಾಡ್ರಿ, ಕದ್ದಿದ್ದು ನಾನು," ಎಂದ ಮಸ್ತಾನಸಾಬ.

"ನಾ ಮೊದಲಿಂದ ಕಳ್ಳ ಅದೀನಿ, ಸಾಹೇಬ್ರೇ ಸಾಕ್ಷಿ," ಎಂದ ಪಾಲಯ್ಯ.

ಬಂದವರೆಲ್ಲ ತಪ್ಪೊಪ್ಪಿಕೊಂಡರು. ಹಾಸಿಗೆ ಹಿಡಿದಿದ್ದ ಮುದುಕಿಯೊಬ್ಬಳು ತನ್ನ ಹೆಸರನ್ನೂ ಸೇರಿಸಬೇಕೆಂದು ಹೇಳಿ ಕಳಿಸಿದಳು. ಬೂಟಿನ ಬಣ್ಣ ಯಾವುದೆಂದು ಕೇಳಿದಾಗ ಮಾತ್ರ ಕರಿ, ಕೆಂಪು, ಮತ್ತು 'ನಿಮ್ಮ ಬೂಟು, ನಿಮಗೇ ಗೊತ್ತಿರಬೇಕು' ಎಂಬ ಮೂರು ಅಭಿಪ್ರಾಯಗಳು ಬಂದವು.

ಸಾಹೇಬರು ದಫೇದಾರರ ಕಡೆ ತಿರುಗಿದರು. "ನೀನು ಹೇಳಪ್ಪ. ಯಾರು?"

ಹೊನ್ನಕ್ಕ ಅವರನ್ನೇ ನೋಡಿದಳು. ಅವಳ ಹೆಸರು ಹೇಳಿಬಿಟ್ಟರೆ ಸಾಕು, ಠಾಣೆ ಉಳಿಯುತ್ತಿತ್ತು. ಬಕ್ಕೇಶಪ್ಪನವರು ಬಾಯಿ ತೆರೆದರು. ಬಿಕ್ಕಳಿಕೆ ಬಂತು. ಮುಚ್ಚಿ ಮತ್ತೆ ತೆರೆದರು. ಮತ್ತೆ ಬಿಕ್ಕಳಿಕೆ.

"ಇವರ್ಯಾರೂ ಅಲ್ಲ ಸ್ವಾಮಿ," ಎಂದರು ಕೊನೆಗೆ, ನೆಲ ನೋಡುತ್ತ. "ನಾಯಿ. ಕಂದು ನಾಯಿ, ಒಂದು ಕಿವಿ ಹರಿದೈತೆ. ಒಂದು ಬೂಟು ಒಯ್ದು, ವಾಪಸ್ ಬಂದು ಇನ್ನೊಂದು ಒಯ್ತು. ನೀವು ಮಾತಾಡ್ತಿದ್ರಿ. ನಡುವೆ ಬಾಯಿ ಹಾಕಬಾರದು ಅಂತ ಸುಮ್ನಿದ್ದೆ."

ನಾಯಿಯ ಕೃತ್ಯವು ಅಪರಾಧದ ವ್ಯಾಖ್ಯೆಗೆ ಬರುವುದಿಲ್ಲ. ಊರವರು ಒಬ್ಬೊಬ್ಬರಾಗಿ ಚದುರಿದರು. ಹೊನ್ನಕ್ಕ ಮಾತ್ರ ಸೆರಗಿನ ತುದಿ ಹಲ್ಲಿಗೆ ಕಚ್ಚಿ ಅಲ್ಲೇ ನಿಂತಿದ್ದಳು.

೯. ತಪಾಸಣೆಯ ಗದ್ದಲದಲ್ಲಿ ಶಾಲೆ ಬಿಡುವ ಹೊತ್ತು ಮೀರಿತ್ತು. ಬರಿಗಾಲಿನ ಸಾಹೇಬರನ್ನು ಬಕ್ಕೇಶಪ್ಪನವರು ಹರಿಗೋಲಿಗೆ ಹತ್ತಿಸಿ ಜೊತೆಗೆ ತಾವೂ ಕೂತರು. ಆಚೆ ದಂಡೆ ಹತ್ತಿರವಾದಂತೆ ಕಂಡಿತು: ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದಾರೆ, ಎದುರಿಗೆ ನಾಲ್ಕೈದು ಜನ ಪೋಲಿಗಳು, ಒಬ್ಬನು ನೀಲಕ್ಕನ ಪಾಟಿಚೀಲವನ್ನು ನೀರಿನ ಮೇಲೆ ತೂಗಾಡಿಸುತ್ತಿದ್ದಾನೆ. ನೀಲಕ್ಕ ಅಳುತ್ತಿರಲಿಲ್ಲ, ಕೈ ಚಾಚಿ ನಿಂತಿದ್ದಳು.

ಬಕ್ಕೇಶಪ್ಪನವರು ಹರಿಗೋಲಿನಲ್ಲಿ ಎದ್ದು ನಿಂತರು. ಕೂಗಲಿಲ್ಲ, ಲಾಠಿ ಎತ್ತಲಿಲ್ಲ. ಚೀಲ ಹಿಡಿದವನು ನೋಡಿದ. ಚೀಲವನ್ನು ಮೆಲ್ಲಗೆ ಮರಳಿನ ಮೇಲಿಟ್ಟ. ಎತ್ತಿ ಕಟ್ಟಿದ್ದ ಪಂಚೆ ಇಳಿಸಿಕೊಂಡು, ತನಗೆ ಹರಿಹರದಲ್ಲಿ ಜರೂರು ಕೆಲಸವಿದ್ದಂತೆ ಹೊರಟುಹೋದ. ಉಳಿದವರಿಗೂ ಅಲ್ಲೇ ಕೆಲಸವಿತ್ತು.

ಸಾಹೇಬರು ಇಳಿದು ಕೇಳಿದರು, "ದಿನಾ ಹಿಂಗೇನಮ್ಮ?"

"ಇಲ್ರಿ," ಎಂದಳು ನೀಲಕ್ಕ, ಚೀಲದ ಮರಳು ಕೊಡವುತ್ತ. "ಇವತ್ತು ದಫೇದಾರ್ರು ಇಲ್ಲಿರಲಿಲ್ಲಲ್ಲ, ಅದಕ್ಕೆ."

ಕುಬೇರಪ್ಪನವರು ಒದ್ದೆ ಮರಳಿನಲ್ಲಿ ಬರಿಗಾಲೂರಿ, ಪೋಲಿಗಳು ಹೋದ ದಾರಿಯನ್ನೊಮ್ಮೆ ದಫೇದಾರರನ್ನೊಮ್ಮೆ ನೋಡಿದರು. ಆಮೇಲೆ ಕೆಮ್ಮಿ, ಕಚೇರಿ ದನಿ ತಂದುಕೊಂಡರು.

"ಬಕ್ಕೇಶಪ್ಪ, ಠಾಣೆ ಆವರಣದಾಗೆ ಸರ್ಕಾರಿ ನೌಕರನ ಬೂಟು ಹೋಗೈತೆ. ಸಣ್ಣ ಮಾತಲ್ಲ. ತನಿಖೆ ಮುಗಿಯೋತನಕ ಠಾಣೆ ಕದಲಂಗಿಲ್ಲ."

"ಸ್ವಾಮಿ, ಆ ನಾಯಿ ಸಂಜಿಗೆ ಮಸ್ತಾನಸಾಬಣ್ಣನ ಅಂಗಡಿ ಮುಂದೆ ಬರ್ತೈತೆ. ಈಗ್ಲೇ ಹೋಗಿ ಹಿಡೀತೀನಿ."

"ಹಿಡೀಬ್ಯಾಡ."

"ಸುಲಭ ಐತೆ ಸ್ವಾಮಿ, ಒಂದು ರೊಟ್ಟಿ ತೋರಿಸಿದ್ರೆ..."

"ಬಕ್ಕೇಶಪ್ಪ, ನಾಯಿನ ಹಿಡೀಬ್ಯಾಡ ಅಂದೆ."

ದಫೇದಾರರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸಲಾಮು ಹೊಡೆದರು. ಕೈ ಇಳಿಸಲು ಮರೆತು ಜೀಪು ಮರೆಯಾಗುವವರೆಗೆ ಹಾಗೆಯೇ ನಿಂತಿದ್ದರೆಂದು ಪಾಲಯ್ಯನ ಹೇಳಿಕೆ ಇರುತ್ತದೆ.

೧೦. ಮೇಲ್ಕಂಡ ಕಾರಣಗಳಿಂದ ಕಡವಿನಹಳ್ಳಿಯನ್ನು ಗಂಭೀರ ಅಪರಾಧದ ತೀರ ಪ್ರದೇಶವೆಂದು ಘೋಷಿಸಿ, ಈ ಮೂಲಕ ಆದೇಶಿಸುವುದೇನೆಂದರೆ:

(ಅ) ಸದರಿ ನಾಯಿಯನ್ನು ಯಾರೂ ಹಿಡಿಯತಕ್ಕದ್ದಲ್ಲ, ಆದರೆ ತೀವ್ರವಾಗಿ ಹುಡುಕುತ್ತಿರತಕ್ಕದ್ದು.

(ಆ) ನಾಯಿಯು ತಾನಾಗಿ ಬಂದು ಶರಣಾದಲ್ಲಿ, ಕಚೇರಿ ವೇಳೆ ಮುಗಿದಿದೆಯೆಂದು ತಿಳಿಸಿ ಕಳಿಸತಕ್ಕದ್ದು.

(ಇ) ಬೂಟು ಕಾಣಿಸಿದಲ್ಲಿ ನೋಡಿದವರು ಬೇರೆ ಕಡೆ ನೋಡತಕ್ಕದ್ದು.

(ಈ) ನಾಯಿಯು ವಯೋಸಹಜವಾಗಿ ತೀರಿಕೊಂಡಲ್ಲಿ ಸಂಶಯವನ್ನು ಅದರ ಮರಿಗಳ ಮೇಲೆ, ತದನಂತರ ಮರಿಗಳ ಮರಿಗಳ ಮೇಲೆ ವರ್ಗಾಯಿಸತಕ್ಕದ್ದು. ಅಲ್ಲಿಯವರೆಗೆ ಹೊರಠಾಣೆ ಇದ್ದಲ್ಲೇ ಇರತಕ್ಕದ್ದು.

(ಉ) ತನಿಖೆಯ ಸಲುವಾಗಿ ದಫೇದಾರರು ಶಾಲೆಯ ಹೊತ್ತುಗಳಲ್ಲಿ ಆಚೆ ದಂಡೆಯ ಮೇಲೆ ನಿಂತು ನೀರನ್ನು ನೋಡತಕ್ಕದ್ದು. ನಾಯಿಗಳು ಸಾಮಾನ್ಯವಾಗಿ ನೀರಿನಲ್ಲಿ ಇರುವುದಿಲ್ಲವೆಂಬ ಆಕ್ಷೇಪಣೆಯನ್ನು ಪರಿಗಣಿಸಲಾಗುವುದಿಲ್ಲ.

(ಸಹಿ ಓದಲು ಬರುವುದಿಲ್ಲ)
ಉಪವಿಭಾಗದ ಮುಖ್ಯಾಧಿಕಾರಿಗಳ ಪರವಾಗಿ

ಪ್ರತಿಗಳು:
– ಅರಳೆ ಮಾರುಕಟ್ಟೆ ಠಾಣೆಗೆ: ಈಗಿರುವ ಆಳುಗಳಲ್ಲೇ ನಿಭಾಯಿಸಿಕೊಳ್ಳಲು.
– ಅಧಿಕಾರಿ ಕುಬೇರಪ್ಪನವರಿಗೆ: ಚಪ್ಪಲಿಯಲ್ಲಿ ಕಚೇರಿಗೆ ಬರಲು ಅನುಮತಿಯೊಂದಿಗೆ.
– ಹೊನ್ನಕ್ಕನಿಗೆ: ಇನ್ನು ಮುಂದೆ ಅಪರಾಧ ಮಾಡುವ ಅಗತ್ಯವಿಲ್ಲವೆಂಬ ತಿಳಿವಳಿಕೆಗಾಗಿ. ನೀಲಕ್ಕನು ಓದಿ ಹೇಳತಕ್ಕದ್ದು.
– ನಾಯಿಗೆ: ವಿಳಾಸ ತಿಳಿದಿದ್ದರೂ ತಿಳಿದಿಲ್ಲವಾದ್ದರಿಂದ ಕಳಿಸಿರುವುದಿಲ್ಲ.